ಕರ್ಣನ ಕವಚ: ಫೋಮ್ ಹಾಳೆಯಿಂದ ಮೇಲ್ಮೈ ವಿಸ್ತೀರ್ಣದ ಪಾಠ

ವಿಷಯ: ಗಣಿತ. ತರಗತಿ: 9. ಘಟಕ: ಮೇಲ್ಮೈ ವಿಸ್ತೀರ್ಣಗಳು ಮತ್ತು ಘನಫಲಗಳು. ಅವಧಿ: 40 ನಿಮಿಷಗಳ 4 ತರಗತಿಗಳು.

ಈ ಘಟಕವನ್ನು ನಾವು ಸಾಮಾನ್ಯವಾಗಿ ಸೂತ್ರದಿಂದ ಆರಂಭಿಸಿ ಲೆಕ್ಕದಲ್ಲಿ ಮುಗಿಸುತ್ತೇವೆ. ಪುಸ್ತಕದಲ್ಲಿ ಶಂಕು ಮೊದಲೇ ಸಿದ್ಧವಾಗಿ ನಿಂತಿರುತ್ತದೆ. ಅದರ ತ್ರಿಜ್ಯ ಮತ್ತು ಓರೆ ಎತ್ತರವನ್ನು ಸೂತ್ರದಲ್ಲಿ ಹಾಕಿ ಗುಣಿಸುವುದಷ್ಟೇ ವಿದ್ಯಾರ್ಥಿಯ ಕೆಲಸ. ಉಡುಪು ಮಾಡುವವರ ದಾರಿ ಬೇರೆ. ಅವರ ಮುಂದೆ ಒಂದು ಮೈ ಇದೆ, ಒಂದು ಚಪ್ಪಟೆ ಹಾಳೆ ಇದೆ. ಹಾಳೆಯಲ್ಲಿ ಎಲ್ಲಿ ಎಷ್ಟು ತೆಗೆದರೆ ಅದು ಮೈಗೆ ಕೂಡುತ್ತದೆ ಎಂಬುದು ಅವರ ಪ್ರಶ್ನೆ. ಈ ಪ್ರಶ್ನೆಯಿಂದ ಹೊರಟರೆ ಸೂತ್ರ ತಾನಾಗಿ ಎದುರಾಗುತ್ತದೆ ಎಂಬುದು ನನ್ನ ಅಭ್ಯಾಸ ಬೋಧನೆಯ ಅನುಭವ. ಸೂತ್ರ ಹೇಳದೇ ಬಿಡುವ ಒಂದು ಸಂಗತಿಯೂ ಇದರಲ್ಲಿ ಎದುರಾಯಿತು. ಪುಸ್ತಕದ ಮೇಲ್ಮೈಗೆ ದಪ್ಪವಿಲ್ಲ, ಫೋಮಿಗೆ ಇದೆ.

ನಮ್ಮೂರು ಪುರ್ತಗೇರಿ. ಅಭ್ಯಾಸ ಬೋಧನೆಗೆ ಸಿಕ್ಕ ಪ್ರೌಢಶಾಲೆಯೂ ಗಜೇಂದ್ರಗಡದ ಆಸುಪಾಸಿನದೇ. ಆ ವರ್ಷದ ಗ್ಯಾದರಿಂಗ್‌ಗೆ ಮಕ್ಕಳು ಕರ್ಣನ ಪ್ರಸಂಗವನ್ನು ಆಯ್ದುಕೊಂಡಿದ್ದರು. ಬ್ರಾಹ್ಮಣನ ವೇಷದಲ್ಲಿ ಬಂದ ಇಂದ್ರನಿಗೆ ಕರ್ಣ ತನ್ನ ಹುಟ್ಟುಗವಚವನ್ನೇ ಕಳಚಿ ಕೊಡುವ ಭಾಗ ಅದು. ಬಾಡಿಗೆಗೆ ಸಿಗುವ ನಾಟಕದ ಡ್ರೆಸ್ಸುಗಳೆಲ್ಲ ದೊಡ್ಡವರ ಅಳತೆಯವು. ಹದಿನಾಲ್ಕು ವರ್ಷದ ಹುಡುಗನ ಹೆಗಲ ಮೇಲೆ ಅವು ನಿಲ್ಲುವುದಿಲ್ಲ. ಮೇಲಾಗಿ ಕವಚ ರಂಗದ ಮೇಲೆ ನೋಡುನೋಡುತ್ತಿದ್ದಂತೆ ಕಳಚಬೇಕು. ಹಾಗಾಗಿ ನಾವೇ ಮಾಡುವುದೆಂದಾಯಿತು.

ಗದಗ ಜಿಲ್ಲೆಯ ಮಕ್ಕಳಿಗೆ ವೇಷದ ಕವಚ ಹೊಸದಲ್ಲ. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ, ಎದೆಯ ಆಭರಣಗಳನ್ನು ಅವರು ಕಂಡೇ ಇರುತ್ತಾರೆ. ಹಗುರ ಕಟ್ಟಿಗೆ, ಮೇಲೆ ಬಣ್ಣದ ಬೇಗಡೆ, ಕನ್ನಡಿ ಚೂರು. ಕಟ್ಟಿಗೆ ಬಾಗುವುದಿಲ್ಲವಾದ್ದರಿಂದ ಅವು ಹೆಚ್ಚಾಗಿ ಚಪ್ಪಟೆ ತುಂಡುಗಳೇ. ಬೆಳಕಿಗೆ ಹೊಳೆಯುವುದು ಅವುಗಳ ಕೆಲಸ, ಮೈಗೆ ಸುತ್ತಿಕೊಳ್ಳುವುದಲ್ಲ. ಈಚೆಗೆ ಸಿನಿಮಾದವರು, ಬೆಂಗಳೂರಿನಂಥ ಊರುಗಳಲ್ಲಿ ಕಾಮಿಕ್ಸ್ ಪಾತ್ರಗಳ ವೇಷ ಹಾಕುವ ಹುಡುಗರು ಬಳಸುವುದು ಈವಿಎ ಫೋಮ್, ಅಂದರೆ ಎಥಿಲೀನ್ ವಿನೈಲ್ ಅಸಿಟೇಟ್. ಹೆಸರು ದೊಡ್ಡದಾದರೂ ವಸ್ತು ನಮ್ಮ ಕಾಲಲ್ಲೇ ಇದೆ: ಹಗುರ ಚಪ್ಪಲಿಯ ಅಟ್ಟೆ, ಚಿಕ್ಕ ಮಕ್ಕಳ ಕೆಳಗೆ ಹಾಸುವ ಜೋಡಣೆ ಮ್ಯಾಟು ಬಹಳಷ್ಟು ಸಲ ಇದರಿಂದಲೇ ಆಗಿರುತ್ತವೆ. ಒಳಗೆಲ್ಲ ಮುಚ್ಚಿದ ಗಾಳಿಗುಳ್ಳೆಗಳು, ಅದಕ್ಕೇ ಇಷ್ಟು ಹಗುರ. ಕುದಿಯುವ ನೀರಿಗಿಂತ ಕಡಿಮೆ ಬಿಸಿಯಲ್ಲೇ ಮೆದುವಾಗಿ, ತಣಿದಾಗ ಬಾಗಿಸಿದ ಆಕಾರದಲ್ಲೇ ಉಳಿಯುತ್ತದೆ.

ಪಾಠ ಯೋಜನೆಯಲ್ಲಿ ಕೆಲಸವನ್ನು ಮೊದಲೇ ಎರಡಾಗಿ ಒಡೆದಿದ್ದೆ. ತರಗತಿಯಲ್ಲಿ ಹಳೆಯ ಪತ್ರಿಕೆ, ಕತ್ತರಿ, ಟೇಪು, ಕೋನಮಾಪಕ ಮಾತ್ರ. ಕಟರ್, ಅಂಟು, ಬಿಸಿನೀರಿನ ಕೆಲಸ ನಮ್ಮ ಮನೆಯಲ್ಲಿ, ದೊಡ್ಡವರ ಕೈಯಲ್ಲಿ. ಚಪ್ಪಲಿ ರಿಪೇರಿಯವರು ಬಳಸುವ ರಬ್ಬರ್ ಅಂಟಿನ ವಾಸನೆ ತಲೆಗೇರುವಂಥದ್ದು, ಜೊತೆಗೆ ಅದು ಬೇಗ ಬೆಂಕಿ ಹಿಡಿಯುತ್ತದೆ. ಮುಚ್ಚಿದ ಕೋಣೆಯಲ್ಲಿ ನಲವತ್ತು ಮಕ್ಕಳ ನಡುವೆ ಅದರ ಡಬ್ಬಿ ತೆರೆಯುವಂತಿಲ್ಲ.

ಅಳತೆಯ ಬಗ್ಗೆಯೂ ಒಂದು ಮಾತು. ಎದೆಯ ಸುತ್ತಳತೆ ತೆಗೆಯುವ ಚಟುವಟಿಕೆಯನ್ನು ಹುಡುಗ ಹುಡುಗಿಯರಿರುವ ತರಗತಿಯಲ್ಲಿ ಹಾಗೇ ಬಿಟ್ಟರೆ ಅರ್ಧ ಮಕ್ಕಳು ಮುದುಡಿ ಕೂರುತ್ತಾರೆ. ಕರ್ಣನ ಪಾತ್ರದ ಹುಡುಗ ತಾನಾಗಿ ಮುಂದೆ ಬಂದಿದ್ದ. ಅವನ ಅಳತೆ ಮಾತ್ರ ತೆಗೆದೆವು, ಅಂಗಿಯ ಮೇಲೆ 66 ಸೆಂ.ಮೀ. ಉಳಿದ ಗುಂಪುಗಳಿಗೆ ಬಟ್ಟೆ ತುಂಬಿದ ಚೀಲವೇ ಕರ್ಣ. ಇಂಥ ಪಾಠ ಕೈಗೊಳ್ಳುವ ಪ್ರಶಿಕ್ಷಣಾರ್ಥಿಗಳು ಈ ಏರ್ಪಾಟನ್ನು ಯೋಜನೆಯಲ್ಲೇ ಬರೆದುಕೊಳ್ಳುವುದು ಒಳ್ಳೆಯದು.

ಹೆಗಲಿನಿಂದ ಶಂಕುವಿಗೆ

ಮೊದಲ ತರಗತಿ ಹೆಗಲ ಕವಚದ್ದು. ಪತ್ರಿಕೆಯಿಂದ 13 ಸೆಂ.ಮೀ. ತ್ರಿಜ್ಯದ ವೃತ್ತ ಕತ್ತರಿಸಿ ಹೆಗಲ ಮೇಲೆ ಇಡಲು ಹೇಳಿದೆ. ಅದು ನೆರಿಗೆ ಬಿದ್ದಿತು, ಕೂರಲಿಲ್ಲ. ಒಂದು ಕಡೆ ಅಂಚಿನಿಂದ ಕೇಂದ್ರದವರೆಗೆ ಕತ್ತರಿಸಿ, ತುದಿಗಳನ್ನು ಒಂದರ ಮೇಲೊಂದು ಸರಿಸಿದ ಕೂಡಲೇ ಕಾಗದ ಎದ್ದು ಶಂಕುವಾಯಿತು. ಎಷ್ಟು ಸರಿಸಬೇಕು? ಕೆಳಗಿನ ತ್ರಿಜ್ಯ 12 ಸೆಂ.ಮೀ. ಬೇಕೆಂದರೆ ಸುತ್ತಳತೆ 2 × ಪೈ × 12 ಆಗಬೇಕು, ಹಾಳೆಯ ಸುತ್ತಳತೆ 2 × ಪೈ × 13 ಇದೆ. ವ್ಯತ್ಯಾಸ 2 × ಪೈ × 1, ಅಂದರೆ 6.28 ಸೆಂ.ಮೀ. ಅಷ್ಟನ್ನು ಅಂಚಿನಲ್ಲಿ ಗುರುತು ಮಾಡಿ ಕೋನ ಅಳೆದಾಗ ಸುಮಾರು 28 ಡಿಗ್ರಿ ಬಂತು. ಶಂಕುವಿನ ಎತ್ತರವನ್ನು ಪೈಥಾಗೊರಸ್ ಪ್ರಮೇಯದಿಂದ ತೆಗೆದರೆ 5 ಸೆಂ.ಮೀ.; ಅಳತೆಪಟ್ಟಿ ಇಟ್ಟು ನೋಡಿದಾಗಲೂ ಹತ್ತಿರ ಹತ್ತಿರ ಅಷ್ಟೇ.

ತ್ರಿಜ್ಯಾಂತರ ಖಂಡದ ಸೂತ್ರ ಬರುವುದು ಹತ್ತನೆಯ ತರಗತಿಯಲ್ಲಿ. ಇಲ್ಲಿ ಅದು ಬೇಡ, ಅನುಪಾತ ಸಾಕು. ಪೂರ್ಣ ವೃತ್ತದ 13 ಭಾಗಗಳಲ್ಲಿ 12 ಉಳಿದಿದೆ. ಹಾಗಾದರೆ ವಿಸ್ತೀರ್ಣವೂ 13ರಲ್ಲಿ 12 ಭಾಗ ಉಳಿಯಬೇಕು: ಪೈ × 13 × 13 × 12/13, ಅಂದರೆ ಪೈ × 12 × 13. ಕಪ್ಪು ಹಲಗೆಯ ಮೇಲೆ 12ರ ಕೆಳಗೆ ‘ತ್ರಿಜ್ಯ’, 13ರ ಕೆಳಗೆ ‘ಓರೆ ಎತ್ತರ’ ಎಂದು ಬರೆಸಿದೆ. ಪೈ × ತ್ರಿಜ್ಯ × ಓರೆ ಎತ್ತರ ಎಂಬ ಸೂತ್ರವನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ಆದರೆ ಹೆಗಲು ಶಂಕುವಲ್ಲ. ಪುಸ್ತಕ ಇಲ್ಲಿಗೆ ನಿಲ್ಲುತ್ತದೆ, ಕವಚ ನಿಲ್ಲುವುದಿಲ್ಲ. ಮೇಲಿನ ಮೊನೆ ಯಾರಿಗೂ ಹಿಡಿಸಲಿಲ್ಲ. ಸಂಜೆ ಮನೆಯಲ್ಲಿ ಈ ಕಾಗದದ ಶಂಕುವನ್ನು ತಿರುಗಿಸುತ್ತ ಕುಳಿತಿದ್ದಾಗ, ಖಣದ ಕುಬಸ ಹೊಲಿಯುತ್ತಿದ್ದ ನಮ್ಮವ್ವ ನೋಡಿ, “ಒಂದ ಕಡೆ ಅಷ್ಟೂ ಯಾಕ ಹಿಡಿತೀ? ಸುತ್ತ ನಾಕ ಟಕ್ಸ್ ಹಿಡಿ, ತಾನ ದುಂಡಗಾಗ್ತೈತಿ” ಅಂದಳು. ಮರುದಿನ ಅದನ್ನೇ ಮಾಡಿದೆವು. 6.28 ಸೆಂ.ಮೀ.ಯನ್ನು ನಾಲ್ಕು ಪಾಲು ಮಾಡಿ, ಅಂಚಿನಿಂದ ಕೇಂದ್ರದ ಕಡೆಗೆ ಅರ್ಧ ದಾರಿಯವರೆಗೆ ಮಾತ್ರ ನಾಲ್ಕು ಸಣ್ಣ ಬೆಣೆಗಳನ್ನು ತೆಗೆದೆವು. ಮೊನೆ ಹೋಗಿ ಬಟ್ಟಲಿನಂಥ ಆಕಾರ ಬಂತು. “ಎಂಟು ತೆಗೆದರೆ?” “ಇನ್ನೂ ದುಂಡಗ ರೀ.” “ಪೂರ್ತಿ ದುಂಡಗಾಗಲು?” ಒಬ್ಬಳು ಸ್ವಲ್ಪ ತಡೆದು, “ಎಷ್ಟ ತೆಗೆದ್ರೂ ಸಾಲಂಗಿಲ್ಲ ರೀ” ಅಂದಳು. ಸಿಲಿಂಡರ್, ಶಂಕುಗಳನ್ನು ಬಿಚ್ಚಿ ಹಾಸಬಹುದು, ಗೋಳವನ್ನು ಆಗದು ಎಂಬುದು ಇದೇ. ಗೋಳದ ಮೇಲ್ಮೈ ಸೂತ್ರವನ್ನು ಶಂಕುವಿನಂತೆ ಹಾಳೆ ಬಿಚ್ಚಿ ತೋರಿಸಲಾಗದು ಎಂದು ಆಗಲೇ ಹೇಳಿಬಿಡುವುದು ಸುಲಭವಾಯಿತು.

ದಪ್ಪದ ಲೆಕ್ಕ

ಎದೆಗವಚದ ಮಾದರಿಯನ್ನು ಪತ್ರಿಕೆಯಲ್ಲಿ 66 ಸೆಂ.ಮೀ.ಗೆ ಕತ್ತರಿಸಿದಾಗ ಅದು ಹುಡುಗನ ಮೈಗೆ ಸರಿಯಾಗಿ ಸುತ್ತಿತು. ಮೂರನೆಯ ತರಗತಿಗೆ ನಾನು ಹಳೆಯ ವ್ಯಾಯಾಮದ ಮ್ಯಾಟಿನಿಂದ 10 ಮಿ.ಮೀ. ದಪ್ಪ, 5 ಸೆಂ.ಮೀ. ಅಗಲ, ಸರಿಯಾಗಿ 66 ಸೆಂ.ಮೀ. ಉದ್ದದ ಪಟ್ಟಿಯೊಂದನ್ನು ಕೊಯ್ದು ಒಯ್ದಿದ್ದೆ. ಕಾಗದಕ್ಕೆ ಕೂಡಿದ ಅಳತೆ ಇದಕ್ಕೂ ಕೂಡುತ್ತದೆಯೇ ಎಂದು ಕೇಳಿದಾಗ ಎಲ್ಲರೂ ಹೌದೆಂದರು. ಸುತ್ತಿದರು. ತುದಿಗಳ ನಡುವೆ ಸುಮಾರು 3 ಸೆಂ.ಮೀ. ಬಾಯಿ ಬಿಟ್ಟಿತು.

“ಅಳತಿ ಸರಿ ಐತ್ರಿ ಮೇಡಂ, ಪಟ್ಟಿ ಸಣ್ಣದಾಗೇತ್ರಿ.” ಪಟ್ಟಿಯನ್ನು ನೆಲಕ್ಕಿಟ್ಟು ಅಳೆದರು. 66 ಸೆಂ.ಮೀ.ಯೇ. ಮತ್ತೆ ಸುತ್ತಿದರು, ಮತ್ತೆ ಕೂಡಲಿಲ್ಲ. ಕೊನೆಗೆ ಹಿಂದಿನ ಸಾಲಿನ ಹುಡುಗ, “ಇದು ದಪ್ಪ ಐತಲ್ರೀ, ಒಳಗಿನ ಮೈ ಬ್ಯಾರೆ, ಹೊರಗಿನ ಮೈ ಬ್ಯಾರೆ” ಅಂದ.

ಆಗ ಪಟ್ಟಿಯ ದಪ್ಪದ ಅಂಚಿನ ಮೇಲೆ ಬಾಲ್ ಪೆನ್ನಿನಿಂದ ಸೆಂಟಿಮೀಟರಿಗೊಂದು ನೆಟ್ಟಗಿನ ಗೆರೆ ಎಳೆಸಿದೆ. ಬಾಗಿಸಿದಾಗ ಗೆರೆಗಳು ಒಳಬದಿಗೆ ಹತ್ತಿರ ಸರಿದವು, ಹೊರಬದಿಗೆ ದೂರವಾದವು. ನಡುವೆ ಅಂತರ ಹಾಗೇ ಉಳಿಯಿತು. ಅಂದರೆ 66 ಸೆಂ.ಮೀ. ಉಳಿದಿರುವುದು ನಡುವಿನ ಪದರದಲ್ಲಿ. ಅದು ಮೈಯಿಂದ ಅರ್ಧ ಸೆಂ.ಮೀ. ಹೊರಗಿದೆ. ಹಾಗಾದರೆ ಕೊರತೆ 2 × ಪೈ × 0.5, ಅಂದರೆ 3.14 ಸೆಂ.ಮೀ. ಟೇಪಿನಲ್ಲಿ ಕಂಡ ಬಾಯಿ ಅಷ್ಟೇ ಇತ್ತು. ಪಟ್ಟಿ 69 ಸೆಂ.ಮೀ.ಗಿಂತ ಕೂದಲೆಳೆ ಹೆಚ್ಚಿರಬೇಕು.

‘ಎದೆ ವೃತ್ತವಲ್ಲವಲ್ಲ’ ಎಂಬ ಆಕ್ಷೇಪ ಬರುತ್ತದೆ, ಬರಬೇಕು. ಒಂದು ಆಯತದ ಸುತ್ತ 1 ಸೆಂ.ಮೀ. ಬಿಟ್ಟು ಹೊರಗೆ ಗೆರೆ ಎಳೆಸಿ. ನಾಲ್ಕು ನೇರ ಬದಿಗಳು ಮೊದಲಿದ್ದಷ್ಟೇ ಉದ್ದ. ನಾಲ್ಕು ಮೂಲೆಗಳಲ್ಲಿ ಮಾತ್ರ ಕಾಲು ವೃತ್ತಗಳು, ಎಲ್ಲ ಸೇರಿ 1 ಸೆಂ.ಮೀ. ತ್ರಿಜ್ಯದ ಒಂದು ಪೂರ್ಣ ವೃತ್ತ. ಹೆಚ್ಚಾದದ್ದು ಮತ್ತೆ 6.28 ಸೆಂ.ಮೀ. ಒಳಗೆ ತಗ್ಗಿಲ್ಲದ ಯಾವ ಆಕಾರಕ್ಕೂ ಇದು ನಿಜ.

“ಮೇಡಂ, ಹೆಗಲಿಗೂ 6.28, ಇದಕ್ಕೂ 6.28, ಹೆಂಗ ರೀ?” ಇದು ನನ್ನ ಯೋಜನೆಯಲ್ಲಿರದ ಪ್ರಶ್ನೆ. ಎರಡು ಕಡೆಯೂ ತ್ರಿಜ್ಯದ ವ್ಯತ್ಯಾಸ 1 ಸೆಂ.ಮೀ. ಎಂದು ಅವರೇ ಹಲಗೆ ನೋಡಿ ಕಂಡುಕೊಂಡರು. ಹಾಗಿದ್ದರೆ ಗಜೇಂದ್ರಗಡದ ಕೋಟೆಯ ದುಂಡು ಬುರುಜಿಗೆ 1 ಸೆಂ.ಮೀ. ದಪ್ಪದ ಕವಚ ತೊಡಿಸಿದರೆ ಹೊರಸುತ್ತು ಎಷ್ಟು ಹೆಚ್ಚುತ್ತದೆ ಎಂದು ಕೇಳಿದೆ. ಮೀಟರುಗಟ್ಟಲೆ ಎಂದವರೇ ಬಹಳ. ಲೆಕ್ಕ ಮಾಡಿದ ಮೇಲೂ ಇಬ್ಬರು ನಂಬಲಿಲ್ಲ; ಬೆಂಚಿನ ಕಾಲಿಗೂ ನೀರಿನ ಡ್ರಮ್ಮಿಗೂ ಪಟ್ಟಿ ಸುತ್ತಿ ನೋಡುತ್ತಲೇ ಇದ್ದರು, ಗಂಟೆ ಹೊಡೆಯಿತು.

ನಾಲ್ಕನೆಯ ತರಗತಿ: ಒಂದೇ ಮ್ಯಾಟು ಸಾಕೇ?

ಕವಚದ ಮುಂಭಾಗ, ಹಿಂಭಾಗ ಎರಡೂ 34.5 ಸೆಂ.ಮೀ. ಅಗಲ, 38 ಸೆಂ.ಮೀ. ಎತ್ತರ. ಒಟ್ಟು 2622 ಚದರ ಸೆಂ.ಮೀ. ಮ್ಯಾಟು 60 × 60, ಅಂದರೆ 3600. ವಿಸ್ತೀರ್ಣದ ಪ್ರಕಾರ ಧಾರಾಳ. ಆದರೆ ಪಕ್ಕಪಕ್ಕ ಇಟ್ಟರೆ 69, ಮೇಲೆ ಕೆಳಗೆ ಇಟ್ಟರೆ 76, ಹಿಡಿಸುವುದಿಲ್ಲ. ತೋಳಿಗೆಂದು ಮೇಲಿನ ಅರ್ಧ, ಅಂದರೆ 19 ಸೆಂ.ಮೀ., 24 ಸೆಂ.ಮೀ.ಗೆ ಕಿರಿದಾಗುತ್ತದೆ ಎಂಬುದನ್ನು ಒಂದು ಗುಂಪು ಬಳಸಿಕೊಂಡಿತು. ಒಂದು ತುಂಡನ್ನು ತಲೆಕೆಳಗು ಮಾಡಿ, ಇನ್ನೊಂದರ ಪಕ್ಕ 22 ಸೆಂ.ಮೀ. ಮೇಲಕ್ಕೆ ಸರಿಸಿದರೆ ಕಿರಿದಾದ ಭಾಗಗಳಷ್ಟೇ ಅಕ್ಕಪಕ್ಕ ಬರುತ್ತವೆ. ಅಗಲ 58.5, ಎತ್ತರ 60. ಒಂದೇ ಮ್ಯಾಟಿನಲ್ಲಿ ಕೆಲಸವಾಯಿತು. ಬಟ್ಟೆ ಉಳಿಸುವ ದರ್ಜಿಗಳೆಲ್ಲ ಇದನ್ನು ದಿನವೂ ಮಾಡುತ್ತಾರೆ.

ಉಳಿದದ್ದು ಮನೆಯ ಕೆಲಸ. ತುಂಡುಗಳನ್ನು ಹಂಡೆಯ ಬಿಸಿನೀರಿನಲ್ಲಿ ಮುಳುಗಿಸಿ, ಕೊಡಕ್ಕೆ ಸುತ್ತಿ ಬಟ್ಟೆ ಕಟ್ಟಿ ತಣಿಯಲು ಬಿಟ್ಟೆ. ಅಂಟನ್ನು ಎರಡೂ ಅಂಚಿಗೆ ತೆಳ್ಳಗೆ ಸವರಿ, ಬೆರಳಿಗೆ ಹತ್ತದಷ್ಟು ಒಣಗಿದ ಮೇಲೆ ಒತ್ತಬೇಕು. ಒಮ್ಮೆ ಕೂಡಿದರೆ ಸರಿಸಲು ಬರುವುದಿಲ್ಲ. ಮಾಳಿಗೆಯ ಮೇಲೆ ಮಾಡಿದ್ದರಿಂದ ವಾಸನೆಯ ಕಾಟವಿರಲಿಲ್ಲ. ಗುಡ್ಡದ ಮೇಲೆ ಗಾಳಿಯಂತ್ರಗಳೇ ತಿರುಗುವ ಸೀಮೆ ನಮ್ಮದು. ಗಾಳಿಯ ಜೊತೆ ಬರುವ ಧೂಳಿಗೆ ಮಾತ್ರ ಒಂದು ಸೀರೆ ಅಡ್ಡ ಕಟ್ಟಬೇಕಾಯಿತು. ಬಣ್ಣಕ್ಕೆ ಮೊದಲು ನೀರು ಬೆರೆಸಿದ ಫೆವಿಕಾಲನ್ನು ಮೂರು ಸಲ ಬಳಿದೆ, ಇಲ್ಲದಿದ್ದರೆ ಫೋಮ್ ಬಣ್ಣ ಕುಡಿಯುತ್ತದೆ. ಕೊಪ್ಪಳದ ಕಿನ್ನಾಳದವರು ಕಟ್ಟಿಗೆಯ ಗೊಂಬೆಗೆ ಬಣ್ಣ ಹಚ್ಚುವ ಮುನ್ನ ಹುಣಸೆ ಬೀಜದ ಅಂಟಿನ ಲೇಪ ಕೊಡುವುದೂ ಇಂಥದೇ ಅಗತ್ಯಕ್ಕೆ. ಮೇಲೆ ಕಪ್ಪು, ಅದರ ಮೇಲೆ ಬಂಗಾರದ ಬಣ್ಣ. ಎರಡೂ ಪಕ್ಕೆಗಳಲ್ಲಿ ವೆಲ್ಕ್ರೋ ಪಟ್ಟಿ. ಕರ್ಣ ಎರಡೇ ಸೆಳೆತಕ್ಕೆ ಕವಚ ಕಿತ್ತು ಇಂದ್ರನ ಕೈಗಿಡಬಹುದು.

ಪಾಠ ವೀಕ್ಷಿಸಿದ ಮಾರ್ಗದರ್ಶಕರು ಕೇಳಿದ ಪ್ರಶ್ನೆ: ಇದು ಗಣಿತದ ಪಾಠವೋ, ಕಾರ್ಯಾನುಭವದ ಪಾಠವೋ? ನ್ಯಾಯವಾದ ಪ್ರಶ್ನೆ. ಕವಚದ ಸಿದ್ಧ ಮಾದರಿಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಅದನ್ನು ಮುದ್ರಿಸಿ ತಂದು ಮಕ್ಕಳಿಂದ ಕೊಯ್ಯಿಸಿದರೆ ಅದು ಕಾರ್ಯಾನುಭವವೇ. ಮಾದರಿಯನ್ನು ಮಕ್ಕಳೇ ಲೆಕ್ಕ ಹಾಕಿ ತೆಗೆದರೆ ಗಣಿತ. ಹಾಗಾಗಿ ಮೌಲ್ಯಮಾಪನಕ್ಕೆ ಕವಚದ ಅಂದಚಂದವನ್ನು ತೆಗೆದುಕೊಳ್ಳಲಿಲ್ಲ, ಒಂದು ಪ್ರಶ್ನೆ ಕೊಟ್ಟೆ: ತ್ರಿಜ್ಯ 12 ಸೆಂ.ಮೀ., ಎತ್ತರ 9 ಸೆಂ.ಮೀ. ಇರುವ ಶಂಕು ಬೇಕು. ಎಷ್ಟು ತ್ರಿಜ್ಯದ ವೃತ್ತದಿಂದ ಎಷ್ಟು ಡಿಗ್ರಿ ತೆಗೆಯಬೇಕು? ಓರೆ ಎತ್ತರ 15, ಉಳಿಯುವುದು 288 ಡಿಗ್ರಿ, ತೆಗೆಯುವುದು 72. ಕೆಲವರು ಎತ್ತರವನ್ನೇ ಹಾಳೆಯ ತ್ರಿಜ್ಯವೆಂದು ಹಿಡಿದರು. ಅವರಿಗೆ ಉತ್ತರ ಹೇಳದೆ 9 ಸೆಂ.ಮೀ. ತ್ರಿಜ್ಯದ ಕಾಗದವನ್ನೇ ಕೊಟ್ಟೆ. ಅದರಿಂದ 12 ತ್ರಿಜ್ಯದ ಬುಡ ಬರುವುದಿಲ್ಲವೆಂದು ತಿಳಿಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ನಾಲ್ಕು ತರಗತಿಗಳನ್ನು ಒಂದು ಉಪಘಟಕಕ್ಕೆ ಕೊಡುವುದು ಎಲ್ಲ ಶಾಲೆಗಳಲ್ಲಿ ಸಾಧ್ಯವಿಲ್ಲ. ಅಷ್ಟು ಸಮಯವಿಲ್ಲದವರು ಕವಚವನ್ನು ಬಿಟ್ಟು ಮೂರನೆಯ ತರಗತಿಯನ್ನಷ್ಟೇ ತೆಗೆದುಕೊಳ್ಳಬಹುದು. ಅದಕ್ಕೆ ಬೇಕಾದದ್ದು ಒಂದು ಫೋಮ್ ಪಟ್ಟಿ, ಒಂದು ಟೇಪು, ಒಂದು ಬಾಲ್ ಪೆನ್ನು. ಪಟ್ಟಿ 6 ಮಿ.ಮೀ. ದಪ್ಪದ್ದಾದರೆ ಬಾಯಿ ಸುಮಾರು 1.9 ಸೆಂ.ಮೀ. ಬಿಡುತ್ತದೆ, 4 ಮಿ.ಮೀ. ಆದರೆ 1.3, ತೀರ ತೆಳುವಾದರೆ ವ್ಯತ್ಯಾಸ ಕಣ್ಣಿಗೆ ಕಾಣುವುದಿಲ್ಲ, 10 ಮಿ.ಮೀ.ಯದೇ ಅನುಕೂಲ.