ಚಿನ್ನಿಯ ತುರಿಕೆ, ತಿಂಗಳ ಲೆಕ್ಕ

ವಯಸ್ಸಾದ ನಾಯಿಯ ತುರಿಕೆಗೆ ದೊಡ್ಡ ಬಿಲ್ ಒಂದೇ ಸಲ ಬರುವುದಿಲ್ಲ. ಇವತ್ತೊಂದು ಇಂಜೆಕ್ಷನ್, ಹದಿನೈದು ದಿನ ಬಿಟ್ಟು ಒಂದು ಮುಲಾಮು, ಯಾರೋ ಹೇಳಿದರೆಂದು ಒಂದು ಶಾಂಪೂ, ಇನ್ಯಾರೋ ಹೇಳಿದರೆಂದು ದುಬಾರಿ ಊಟದ ಚೀಲ. ನಾನೂರು ಐನೂರರ ಹಾಗೆ ಹೋಗುವುದರಿಂದ ಕಣ್ಣಿಗೆ ಬೀಳುವುದಿಲ್ಲ. ವರ್ಷದ ಕೊನೆಗೆ ಕೂಡಿಸಿ ನೋಡಿದರೆ ಎದೆ ಧಸಕ್ಕೆನ್ನುತ್ತದೆ, ನಾಯಿ ಮಾತ್ರ ಮೂಲೆಯಲ್ಲಿ ಕೂತು ಪಾದ ನೆಕ್ಕುತ್ತಲೇ ಇರುತ್ತದೆ. ಕೈ ಬಿಗಿ ಇರುವ ಮನೆಯಲ್ಲಿ ಎಷ್ಟು ಖರ್ಚು ಎನ್ನುವುದಕ್ಕಿಂತ ಯಾವ ಖರ್ಚು ಮೊದಲು ಎನ್ನುವುದೇ ಮುಖ್ಯ ಎಂದು ನಾನು ನಂಬಿದ್ದೇನೆ. ನಮ್ಮ ಚಿನ್ನಿಯ ಲೆಕ್ಕವನ್ನೇ ಮುಂದಿಟ್ಟು ಅದನ್ನು ಹೇಳುತ್ತೇನೆ.

ನಮ್ಮದು ಬಸವೇಶ್ವರನಗರ. ಯಜಮಾನರು ರಾಜಾಜಿನಗರ ಕೈಗಾರಿಕಾ ಪ್ರದೇಶದ ಒಂದು ಖಾಸಗಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನೌಕರರ ಪಿಂಚಣಿ ಯೋಜನೆಯ (ಇಪಿಎಸ್) ಪಿಂಚಣಿ, ಮಹಡಿಯ ಬಾಡಿಗೆ, ನನ್ನ ಬರವಣಿಗೆಯ ಸಂಭಾವನೆ, ಇಷ್ಟರಲ್ಲಿ ಸಂಸಾರ. ಇಪಿಎಸ್ ಪಿಂಚಣಿಯ ಕನಿಷ್ಠ ಮೊತ್ತ 2014ರ ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಯಾಯಿತು. ನಮಗೆ ಬರುವುದು ಅದಕ್ಕಿಂತ ಹೆಚ್ಚು, ಆದರೆ ಬಹಳ ಹೆಚ್ಚಲ್ಲ. ಚಿನ್ನಿ ನಾಟಿ ನಾಯಿ, 15 ಕಿಲೋ ತೂಕ, ವಯಸ್ಸು ಹನ್ನೊಂದು. ಅವಳ ಔಷಧಿ, ಡಾಕ್ಟರು, ಓಡಾಟಕ್ಕೆಂದು ತಿಂಗಳಿಗೆ 2,000 ರೂಪಾಯಿ ಬೇರೆ ಡಬ್ಬಿಯಲ್ಲಿ ಎತ್ತಿಡುತ್ತೇವೆ. ಖರ್ಚಾಗದೆ ಉಳಿದದ್ದು ಅದೇ ಡಬ್ಬಿಯಲ್ಲಿ ಮುಂದಿನ ತಿಂಗಳಿಗೆ.

ಮೊದಲ ಖರ್ಚು ಪರೀಕ್ಷೆಯದ್ದೇ ಆಗಬೇಕು. ಧೂಳು, ಪರಾಗದಿಂದ ಬರುವ ಚರ್ಮದ ಅಲರ್ಜಿ ನಾಯಿಗಳಲ್ಲಿ ಸಾಮಾನ್ಯವಾಗಿ ಆರು ತಿಂಗಳಿಂದ ಮೂರು ವರ್ಷದ ಒಳಗೇ ಶುರುವಾಗುತ್ತದೆ. ಎಂಟು, ಒಂಬತ್ತು ವರ್ಷ ಆರಾಮಾಗಿದ್ದ ನಾಯಿ ಇದ್ದಕ್ಕಿದ್ದಂತೆ ಕೆರೆದುಕೊಳ್ಳತೊಡಗಿದರೆ ಕಾರಣ ಬೇರೆ ಇರುವ ಸಾಧ್ಯತೆ ದೊಡ್ಡದು: ಕಜ್ಜಿಯ ಹುಳ, ಉಣ್ಣಿ, ಚಿಗಟ, ಬೂಸ್ಟಿನ ಸೋಂಕು, ಊಟದ ಅಲರ್ಜಿ, ಇಲ್ಲವೇ ಒಳಗೆ ಕೂತ ಥೈರಾಯ್ಡ್‌ನಂಥ ಕಾಯಿಲೆ. ಇದಾವುದನ್ನೂ ನೋಡದೆ ತುರಿಕೆ ಅಡಗಿಸುವ ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದರೆ ಮೂರು ವಾರ ನೆಮ್ಮದಿ, ಆಮೇಲೆ ಮತ್ತೆ ಅದೇ ಬಾಗಿಲು.

ನಮ್ಮ ಡಾಕ್ಟರಮ್ಮ ಮಾಡಿದ ಪರೀಕ್ಷೆ ನೋಡಲು ಬಹಳ ಸರಳ. ಬ್ಲೇಡಿನ ತುದಿಗೆ ಎಣ್ಣೆಯ ಹನಿ ಹಾಕಿ ಚಿನ್ನಿಯ ಮೊಣಕೈ ಹತ್ತಿರ ಚರ್ಮ ಸ್ವಲ್ಪ ಕೆಂಪಾಗುವಷ್ಟು ಕೆರೆದರು. ಆಮೇಲೆ ಬೆರಳ ಸಂದಿಗೆ ಸೆಲ್ಲೋಟೇಪ್ ಒತ್ತಿ ತೆಗೆದು, ನೇರಳೆ ಬಣ್ಣದಲ್ಲಿ ಅದ್ದಿ, ಗಾಜಿನ ತಟ್ಟೆಗೆ ಅಂಟಿಸಿದರು. "ನೋಡ್ತೀರಾ ಅಮ್ಮ?" ಎಂದು ಮೈಕ್ರೋಸ್ಕೋಪಿನ ಮುಂದಿನಿಂದ ಎದ್ದು ಜಾಗ ಕೊಟ್ಟರು. ಇಡಿಯಾದ ಕಡಲೆಕಾಯಿಯಂಥ ಪುಟ್ಟ ಪುಟ್ಟ ನೇರಳೆ ಆಕಾರಗಳು ರಾಶಿ ರಾಶಿ ಬಿದ್ದಿದ್ದವು. ಅದು ಮಲಾಸೀಜಿಯಾ ಎಂಬ ಬೂಸ್ಟು. ಪಕ್ಕದಲ್ಲಿ ಚುಕ್ಕಿ ಚುಕ್ಕಿಯಾಗಿ ಬ್ಯಾಕ್ಟೀರಿಯಾ. ಹುಳ ಇರಲಿಲ್ಲ. ಪಾದದಿಂದ ಬರುತ್ತಿದ್ದ ಹುಳಿ ವಾಸನೆಗೂ, ರಾತ್ರಿಯೆಲ್ಲ ನೆಕ್ಕುತ್ತಿದ್ದುದಕ್ಕೂ ಕಾರಣ ಅರ್ಧ ಗಂಟೆಯಲ್ಲಿ ಸಿಕ್ಕಿತು. ಖರ್ಚಾದದ್ದು ಕೆಲವೇ ನೂರು ರೂಪಾಯಿ. ನಮ್ಮ ಲೆಕ್ಕದ ಪುಸ್ತಕದಲ್ಲಿ ಅದಕ್ಕಿಂತ ಸಾರ್ಥಕವಾದ ಸಾಲು ಇನ್ನೊಂದಿಲ್ಲ.

ಥೈರಾಯ್ಡ್ ರಕ್ತಪರೀಕ್ಷೆ ಬೇಕೆಂದು ಡಾಕ್ಟರು ಹೇಳಿದರೆ ಸ್ಟೆರಾಯ್ಡ್ ಶುರು ಮಾಡುವ ಮೊದಲೇ ಮಾಡಿಸಿ. ಸ್ಟೆರಾಯ್ಡ್ ತೆಗೆದುಕೊಳ್ಳುತ್ತಿರುವ ನಾಯಿಯಲ್ಲಿ ಥೈರಾಯ್ಡ್ ಪ್ರಮಾಣ ಸುಳ್ಳುಸುಳ್ಳೇ ಕಡಿಮೆ ತೋರಿಸಬಹುದು, ಆಗ ಪರೀಕ್ಷೆಯ ದುಡ್ಡು ದಂಡ. ನಿಜಕ್ಕೂ ಕೊರತೆ ಇದ್ದರೆ ಅದರ ಮಾತ್ರೆ ಮನುಷ್ಯರು ನುಂಗುವ ಥೈರಾಕ್ಸಿನ್ನೇ, ಬೆಲೆಯೂ ಕಡಿಮೆ. ಡೋಸ್ ಮಾತ್ರ ನಾಯಿಗೆ ನಮಗಿಂತ ಬಹಳ ಹೆಚ್ಚು ಬೇಕಾಗುವುದರಿಂದ ಡಾಕ್ಟರೇ ಹೇಳಬೇಕು.

ಎಲ್ಲಿ ತೋರಿಸುವುದು ಎನ್ನುವುದೂ ಹಣಕಾಸಿನ ಪ್ರಶ್ನೆಯೇ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು 1958ರಲ್ಲಿ ಶುರುವಾದದ್ದು. ಅದರ ಬೋಧನಾ ಆಸ್ಪತ್ರೆಯಲ್ಲಿ ಶುಲ್ಕ ಖಾಸಗಿಗಿಂತ ಕಡಿಮೆ, ವಿಭಾಗವಾರು ತಜ್ಞರಿದ್ದಾರೆ. ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ. ಆದರೆ ಪಶ್ಚಿಮ ಬೆಂಗಳೂರಿನವರು ಹೋಗಿಬರುವ ಖರ್ಚನ್ನು ಸೇರಿಸಿ ನೋಡಬೇಕು. ಮೆಟ್ರೊ ವಿಜಯನಗರಕ್ಕೂ ಬಂತು, 2021ರ ಆಗಸ್ಟ್‌ನಲ್ಲಿ ಕೆಂಗೇರಿಗೂ ಬಂತು, ನಾಯಿಗೆ ಮಾತ್ರ ಅದರಲ್ಲಿ ಜಾಗವಿಲ್ಲ. ಉಳಿದದ್ದು ಆಟೊ. 2025ರ ಆಗಸ್ಟ್‌ನಿಂದ ಮೀಟರ್ ದರ ಮೊದಲ ಎರಡು ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ನಮ್ಮಲ್ಲಿಂದ ಹೆಬ್ಬಾಳ ಸುಮಾರು 11 ಕಿಲೋಮೀಟರ್ ಎಂದಿಟ್ಟುಕೊಂಡರೆ ಒಂದು ದಿಕ್ಕಿಗೆ 198, ಹೋಗಿಬರಲು 396. ಕೆಂಗೇರಿಯವರಿಗೆ ದೂರ ಇದರ ಎರಡರಷ್ಟು, ಹೋಗಿಬರುವುದಕ್ಕೇ 800 ರೂಪಾಯಿಯ ಹತ್ತಿರ ಬರುತ್ತದೆ. ನಾಯಿ ಕಂಡೊಡನೆ ಮೀಟರ್ ಮೇಲೆ ಇಷ್ಟು ಕೊಡಿ ಎನ್ನುವ ಡ್ರೈವರುಗಳ ಮಾತು ಬೇರೆ. ಹಾಗಾಗಿ ನನ್ನ ಸಲಹೆ ಇಷ್ಟು: ಕಾಯಿಲೆ ಏನೆಂದು ಗೊತ್ತುಮಾಡಿಕೊಳ್ಳಲು ಅಥವಾ ಗುಣವಾಗದೆ ಉಳಿದ ಕೇಸಿಗೆ ಹೆಬ್ಬಾಳಕ್ಕೆ ಹೋಗಿ, ಮುಂದಿನ ತಪಾಸಣೆಗೆ ನಡೆದು ಹೋಗುವಷ್ಟು ಹತ್ತಿರದ ಕ್ಲಿನಿಕ್ ಸಾಕು. ಇನ್ನೊಂದು ವಿಷಯ, ಪ್ರಾಣಿಗಳ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ಇಲ್ಲ. ಕನ್ಸಲ್ಟೇಷನ್ ಫೀ ಮೇಲೆ ತೆರಿಗೆ ಹಾಕಿದ್ದರೆ ಯಾಕೆ ಎಂದು ಕೇಳಿ. ಕೂದಲು ಕತ್ತರಿಸುವುದು, ಬೋರ್ಡಿಂಗ್ ಇವಕ್ಕೆ ವಿನಾಯಿತಿ ಅನ್ವಯಿಸುವುದಿಲ್ಲ.

ಎರಡನೆಯ ಖರ್ಚು ಉಣ್ಣಿ, ಚಿಗಟದ ಔಷಧಿ. ಇದನ್ನು ವರ್ಷವಿಡೀ ಬಿಡಬಾರದು. ಚಿಗಟದ ಎಂಜಲಿಗೇ ಅಲರ್ಜಿ ಇರುವ ನಾಯಿಗೆ ಒಂದೆರಡು ಕಡಿತ ಸಾಕು, ಬೆನ್ನಿನ ಹಿಂಭಾಗದ ಕೂದಲೆಲ್ಲ ಕಿತ್ತುಕೊಳ್ಳುತ್ತದೆ. ಅಂಗಡಿಯಲ್ಲಿ ಬೆಲೆ ನೋಡುವಾಗ ಪೊಟ್ಟಣದ ಮೇಲಿನ ಅಂಕಿ ನೋಡದೆ ಅದನ್ನು ತಿಂಗಳಿಗೆ ಭಾಗಿಸಿ. ಫ್ಲೂರಲಾನರ್ ಮಾತ್ರೆ ಚಿಗಟಕ್ಕೆ ಹನ್ನೆರಡು ವಾರ ಕೆಲಸ ಮಾಡುತ್ತದೆ, ಅಫಾಕ್ಸೊಲಾನರ್ ಒಂದು ತಿಂಗಳು. ಫಿಟ್ಸ್ ಬರುವ ನಾಯಿಗೆ ಈ ಗುಂಪಿನ ಮಾತ್ರೆ ಕೊಡುವ ಮೊದಲು ಡಾಕ್ಟರಿಗೆ ಹೇಳಲೇಬೇಕು. ಅಮೆರಿಕದ ಎಫ್‌ಡಿಎ 2018ರಲ್ಲೇ ಈ ಬಗ್ಗೆ ಎಚ್ಚರಿಸಿದೆ.

ಮೂರನೆಯದು ಸ್ನಾನ. ಚಿನ್ನಿಗೆ ಕ್ಲೋರ್‌ಹೆಕ್ಸಿಡಿನ್ ಇರುವ ಶಾಂಪೂ ಬರೆದುಕೊಟ್ಟರು, ವಾರಕ್ಕೆ ಎರಡು ಸಲ. ಮೇಲ್ಮೈಯ ಸೋಂಕಿಗೆ ಇಂಥ ಶಾಂಪೂ ಒಂದೇ ಎಷ್ಟೋ ಸಲ ಸಾಕಾಗುತ್ತದೆ, ಆಂಟಿಬಯೋಟಿಕ್ ಮಾತ್ರೆಯ ಖರ್ಚೂ ಉಳಿಯುತ್ತದೆ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವೂ ತಪ್ಪುತ್ತದೆ. ಆದರೆ ಹಚ್ಚಿದ ಕೂಡಲೇ ತೊಳೆದರೆ ದುಡ್ಡು ಮೋರಿಗೆ ಹೋದಂತೆ. ಹತ್ತು ನಿಮಿಷ ನೊರೆ ಮೈಮೇಲೆ ನಿಲ್ಲಬೇಕು. ಟೆರೇಸಿನ ನಲ್ಲಿ ಪಕ್ಕ ಚಿನ್ನಿಯನ್ನು ನಿಲ್ಲಿಸಿ, ಯಜಮಾನರು ಕತ್ತು ಹಿಡಿದು ಮಾತಾಡಿಸುತ್ತಿದ್ದರೆ ನಾನು ಹೊಟ್ಟೆ, ಕಂಕುಳು, ಬೆರಳ ಸಂದಿ, ಬಾಲದ ಬುಡ ಇಷ್ಟಕ್ಕೆ ಮಾತ್ರ ಶಾಂಪೂ ತಿಕ್ಕುತ್ತೇನೆ. ಬೆನ್ನಿಗೆ ಅಗತ್ಯವಿಲ್ಲ ಎಂದು ಡಾಕ್ಟರೇ ಹೇಳಿದ ಮೇಲೆ ಒಂದು ಬಾಟಲಿ ಸರಿಸುಮಾರು ಎರಡರಷ್ಟು ದಿನ ಬರುತ್ತಿದೆ. ಬಿಸಿನೀರು ಬೇಡ, ತುರಿಕೆ ಹೆಚ್ಚುತ್ತದೆ. ಕೊನೆಗೆ ಬೆರಳ ಸಂದಿಯನ್ನು ಹಳೇ ಕಾಟನ್ ಪಂಚೆಯಿಂದ ಒಣಗಿಸಬೇಕು, ತೇವ ಉಳಿದರೆ ಬೂಸ್ಟು ಮರಳುತ್ತದೆ.

ಮನೆಮದ್ದಿನ ಬಗ್ಗೆ ಒಂದು ಮಾತು. ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯುವುದನ್ನು ನಮ್ಮ ಬಡಾವಣೆಗಳಲ್ಲಿ ಇನ್ನೂ ನೋಡುತ್ತೇನೆ. ಅದು ವಿಷ, ನಾಯಿ ನೆಕ್ಕಿದರೆ ಹೊಟ್ಟೆಗೇ ಹೋಗುತ್ತದೆ. ಡೆಟಾಲ್ ಕೆರಳಿಸುತ್ತದೆ, ಟೀ ಟ್ರೀ ಎಣ್ಣೆ ನಂಜಾಗುತ್ತದೆ. ನೆಲ ಒರೆಸುವ ಫಿನಾಯಿಲ್ ಕೂಡ ಬರೀ ಹೊಟ್ಟೆ ಊರಿ ಮಲಗುವ ನಾಯಿಗೆ ಒಳ್ಳೆಯದಲ್ಲ. ನಾವು ಬರೀ ನೀರಿನಲ್ಲಿ ಒರೆಸುತ್ತೇವೆ, ಅದಕ್ಕೂ ಒಂದಿಷ್ಟು ಉಳಿತಾಯ.

ಇನ್ನು ಊಟ. ಇಲ್ಲೇ ನಮಗೆ ನಿಜವಾದ ಉತ್ತರ ಸಿಕ್ಕಿದ್ದು. ನಾಯಿಗಳ ಆಹಾರ ಅಲರ್ಜಿಯ ವರದಿಗಳನ್ನು ಒಟ್ಟು ಹಾಕಿ 2016ರಲ್ಲಿ ಪ್ರಕಟವಾದ ಒಂದು ವಿಮರ್ಶೆಯಲ್ಲಿ 297 ನಾಯಿಗಳ ಲೆಕ್ಕವಿದೆ: ದನದ ಮಾಂಸ ಶೇ 34, ಹಾಲಿನ ಪದಾರ್ಥ ಶೇ 17, ಕೋಳಿ ಶೇ 15, ಗೋಧಿ ಶೇ 13. ನಮ್ಮ ಕಡೆಯ ನಾಯಿ ಏನು ತಿನ್ನುತ್ತದೆ ಯೋಚಿಸಿ: ಮೊಸರನ್ನ, ಹಾಲು, ಕೋಳಿ ಕಾಲು, ಬಿಸ್ಕತ್ತು. "ಇಷ್ಟು ವರ್ಷ ಅದನ್ನೇ ತಿಂದಿದೆಯಲ್ಲ ಆಂಟಿ, ಈಗೇನು ಹೊಸದಾಗಿ?" ಎಂದು ಎದುರು ಮನೆಯ ಹುಡುಗಿ ಕೇಳಿದಳು. ವರ್ಷಗಟ್ಟಲೆ ತಿಂದ ಆಹಾರಕ್ಕೇ ಅಲರ್ಜಿ ಹುಟ್ಟುವುದು, ಯಾವ ವಯಸ್ಸಿನಲ್ಲೂ.

ಇದಕ್ಕೆ ರಕ್ತಪರೀಕ್ಷೆ ಮಾಡಿಸಬೇಡಿ. ಆಹಾರ ಅಲರ್ಜಿಯ ವಿಷಯದಲ್ಲಿ ಅದರ ಫಲಿತಾಂಶ ನಂಬುವಂಥದ್ದಲ್ಲ, ಬೆಲೆ ಮಾತ್ರ ಸಾವಿರಗಳಲ್ಲಿ. ನಂಬಬಹುದಾದ ಪರೀಕ್ಷೆ ಒಂದೇ: ನಾಯಿ ಎಂದೂ ತಿನ್ನದ ಒಂದು ಪ್ರೋಟೀನು, ಒಂದು ಪಿಷ್ಟ ಆರಿಸಿ ಎಂಟು ವಾರ ಅದನ್ನು ಮಾತ್ರ ಕೊಡುವುದು. ಊಟವೇ ಕಾರಣವಾಗಿದ್ದರೆ ಅಷ್ಟರೊಳಗೆ ಹತ್ತರಲ್ಲಿ ಒಂಬತ್ತು ನಾಯಿಗಳ ತುರಿಕೆ ಇಳಿದಿರುತ್ತದೆ. ಇದಕ್ಕೆಂದೇ ತಯಾರಾದ ಪ್ಯಾಕೆಟ್ ಆಹಾರ ನಮ್ಮ ಡಬ್ಬಿಗೆ ಎಟುಕುವಂಥದ್ದಲ್ಲ, ಮೇಲೆ ಶೇ 18 ಜಿಎಸ್‌ಟಿ. ಡಾಕ್ಟರನ್ನು ಕೇಳಿ ಬೂತಾಯಿ ಮೀನು, ಗೆಣಸು ಆರಿಸಿಕೊಂಡೆವು. ಚಿನ್ನಿ ಕೋಳಿ, ಮೊಟ್ಟೆ ತಿಂದವಳು, ಮೀನು ಕಂಡವಳಲ್ಲ. ಮೀನಿನ ತಲೆ, ಕರುಳು ತೆಗೆದು, ಮುಳ್ಳು ಬೆರಳಲ್ಲಿ ಪುಡಿಯಾಗುವಷ್ಟು ಕುಕ್ಕರಿನಲ್ಲಿ ಬೇಯಿಸಿ, ಬೆಂದ ಗೆಣಸಿನ ಜೊತೆ ಮಿದ್ದು, ಉಪ್ಪು ಹಾಕದೆ ಇಟ್ಟರೆ ತಟ್ಟೆ ನೆಕ್ಕಿ ತಳ್ಳಿಕೊಂಡು ಅಡುಗೆಮನೆವರೆಗೆ ಬರುತ್ತಿದ್ದಳು. ಎರಡು ತಿಂಗಳ ಪರೀಕ್ಷೆಗೆ ಇದು ನಡೆಯುತ್ತದೆ. ಅದೇ ಊಟ ಮುಂದುವರಿಸುವುದಾದರೆ ಕ್ಯಾಲ್ಸಿಯಂ ಮುಂತಾದವನ್ನು ಡಾಕ್ಟರು ಸರಿದೂಗಿಸಿ ಕೊಡಬೇಕು.

ಕಷ್ಟವಿರುವುದು ಅಡುಗೆಯಲ್ಲಲ್ಲ, ಬೀದಿಯಲ್ಲಿ. ಪಕ್ಕದ ಅಪಾರ್ಟ್‌ಮೆಂಟಿನ ವಾಚ್‌ಮನ್ ಪ್ರೀತಿಯಿಂದ ಹಾಕುವ ಒಂದು ಮಾರಿ ಬಿಸ್ಕತ್ತಿನಲ್ಲಿ ಗೋಧಿಯೂ ಇದೆ, ಹಾಲೂ ಇದೆ. ಅಷ್ಟಕ್ಕೇ ಎಂಟು ವಾರದ ಶ್ರಮ ಹಾಳು. ಯಜಮಾನರು ರಟ್ಟಿನ ಮೇಲೆ "ನನಗೆ ಡಾಕ್ಟರ್ ಪಥ್ಯ ಹೇಳಿದ್ದಾರೆ, ಬಿಸ್ಕತ್ತು ಬೇಡ" ಎಂದು ಬರೆದು ಗೇಟಿಗೆ ಕಟ್ಟಿದರು. ವಾಚ್‌ಮನ್ನಿಗೆ ಬೆಂದ ಗೆಣಸಿನ ತುಂಡುಗಳ ಡಬ್ಬಿ ಕೊಟ್ಟು, "ನೀವೇ ಹಾಕಿ ಅಣ್ಣ, ಇದನ್ನ ಮಾತ್ರ ಹಾಕಿ" ಎಂದೆ. ಅವರು ಕೊನೆಯವರೆಗೂ ಮಾತು ಉಳಿಸಿಕೊಂಡರು. ಜಗಿಯುವ ಉಣ್ಣಿ ಮಾತ್ರೆಗಳಿಗೂ ಮಾಂಸದ ರುಚಿ ಸೇರಿಸಿರುತ್ತಾರೆ, ಆ ಅವಧಿಯಲ್ಲಿ ಕತ್ತಿನ ಮೇಲೆ ಹನಿ ಹಾಕುವ ಔಷಧಿ ಬಳಸಿದೆವು.

ಎಂಟು ವಾರ ಮುಗಿಯುವ ಹೊತ್ತಿಗೆ ಪಾದದ ಕೆಂಪು ಇಳಿದು ಕಂಕುಳಲ್ಲಿ ಕೂದಲು ಬಂತು. ಆಮೇಲೆ ಡಾಕ್ಟರು ಹೇಳಿದಂತೆ ಹಳೆಯ ಪದಾರ್ಥ ಒಂದೊಂದೇ ಕೊಟ್ಟು ನೋಡಿದೆವು. ಕೋಳಿಗೆ ಏನೂ ಆಗಲಿಲ್ಲ. ಮೊಸರು ಕೊಟ್ಟ ವಾರವೇ ಮತ್ತೆ ನೆಕ್ಕಾಟ. ಮೊಸರು ನಿಂತಿತು. ಅದೊಂದು ನಿಂತದ್ದಕ್ಕೆ ಔಷಧಿಯ ಖರ್ಚು ಅರ್ಧಕ್ಕಿಂತ ಕೆಳಗೆ ಬಂದಿದೆ.

ಪೂರ್ತಿ ಗುಣವಾಯಿತೆಂದು ಹೇಳಲಾರೆ. ಮಳೆಗಾಲ ಬಂತೆಂದರೆ ಸ್ವಲ್ಪ ಕೆರಳುತ್ತದೆ. ಆಗ ಮಾತ್ರೆ ಬೇಕು, ಇಲ್ಲೂ ಆಯ್ಕೆ ಇದೆ. ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಬಹಳ ಅಗ್ಗ, ಡಾಕ್ಟರ ಚೀಟಿ ಇದ್ದರೆ ಜನೌಷಧಿ ಕೇಂದ್ರದಲ್ಲಿ ಇನ್ನೂ ಅಗ್ಗ. ಕೆಲವು ದಿನಗಳಿಗೆ ಅದು ಒಳ್ಳೆಯ ಔಷಧಿಯೇ. ತಿಂಗಳುಗಟ್ಟಲೆ ಕೊಟ್ಟರೆ ವಯಸ್ಸಾದ ನಾಯಿಗೆ ಬಾಯಾರಿಕೆ, ಹಸಿವು, ಪದೇ ಪದೇ ಉಚ್ಚೆ, ಸಕ್ಕರೆ ಕಾಯಿಲೆಯ ಅಪಾಯ. ಅವನ್ನು ಗಮನಿಸಲು ಬೇಕಾಗುವ ರಕ್ತಪರೀಕ್ಷೆಗಳ ಖರ್ಚು ಸೇರಿದರೆ ಅಗ್ಗವಾಗಿ ಉಳಿಯುವುದಿಲ್ಲ. ವಾರಗಟ್ಟಲೆ ಕೆಲಸ ಮಾಡುವ ಡಿಪೋ ಇಂಜೆಕ್ಷನ್ನಿಗಿಂತ ಮಾತ್ರೆ ವಾಸಿ, ತೊಂದರೆಯಾದರೆ ಡಾಕ್ಟರು ಇಳಿಸುತ್ತಾ ನಿಲ್ಲಿಸಬಹುದು. ಆಕ್ಲಾಸಿಟಿನಿಬ್ ಮಾತ್ರೆ ಬೇಗ ತುರಿಕೆ ನಿಲ್ಲಿಸುತ್ತದೆ, ಆದರೆ ಒಂದಕ್ಕೆ ನೂರು ರೂಪಾಯಿ ದಾಟುತ್ತದೆ. ಡೋಸ್ ತೂಕದ ಮೇಲೆ ಹೋಗುತ್ತದೆ: 15 ಕಿಲೋ ಚಿನ್ನಿಗೆ 16 ಮಿಲಿಗ್ರಾಂ ಮಾತ್ರೆಯ ಅರ್ಧ. ವರ್ಷವಿಡೀ ಕೊಡುವುದು ನಮ್ಮಿಂದಾಗದು, ಕೆರಳಿದ ಎರಡು ವಾರಕ್ಕೆ ಆಗುತ್ತದೆ. ಮೈಮೇಲೆ ಗಂಟುಗಳಿರುವ ನಾಯಿಗೆ ಇದನ್ನು ಕೊಡುವ ಮೊದಲು ಆ ಗಂಟುಗಳನ್ನು ತೋರಿಸಿ. ಔಷಧಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಬಿಲ್ ಕೇಳಿ ಪಡೆಯಿರಿ. ಎರಡು ರೂಪಾಯಿಯ ಸಿಟ್ರಿಜಿನ್ ಹೆಚ್ಚಿನ ನಾಯಿಗಳ ತುರಿಕೆಗೆ ಸಾಲದು. ನೆಗಡಿಯ ಮಿಶ್ರ ಮಾತ್ರೆಗಳಂತೂ ನಾಯಿಗೆ ಅಪಾಯಕಾರಿ, ಅವನ್ನು ಮುಟ್ಟಲೇಬೇಡಿ.

ವಿಮೆಯನ್ನು ಈ ವಯಸ್ಸಿಗೆ ನೆಚ್ಚಿಕೊಳ್ಳುವಂತಿಲ್ಲ. ನಾಯಿ ಪಾಲಿಸಿಗಳಿಗೆ ಪ್ರವೇಶದ ವಯೋಮಿತಿ ಇರುತ್ತದೆ, ಮೊದಲೇ ಇರುವ ಕಾಯಿಲೆಗೆ ಹಣ ಕೊಡುವುದಿಲ್ಲ. ಡಬ್ಬಿಯೇ ನಮ್ಮ ವಿಮೆ.

ನಿಮ್ಮ ಮನೆಯ ಹಿರಿಯ ನಾಯಿಯೂ ಕೆರೆದುಕೊಳ್ಳುತ್ತಿದ್ದರೆ ಈ ವಾರವೇ ಚರ್ಮದ ಪರೀಕ್ಷೆ ಮಾಡಿಸಿ. ಹೋಗುವ ಎರಡು ಮೂರು ದಿನ ಮುಂಚಿನಿಂದ ಸ್ನಾನ ಮಾಡಿಸಬೇಡಿ, ಮುಲಾಮು ಹಚ್ಚಬೇಡಿ, ಸೋಂಕು ತೊಳೆದುಹೋದರೆ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಹಳೆಯ ಚೀಟಿಗಳನ್ನೆಲ್ಲ ಒಂದು ಕವರಿಗೆ ಹಾಕಿ ಒಯ್ಯಿರಿ. ಕೂತ ಕೂಡಲೇ ಡಾಕ್ಟರಿಗೆ ನಿಮ್ಮ ತಿಂಗಳ ಮಿತಿ ಇಷ್ಟೇ ಎಂದು ಸಂಕೋಚವಿಲ್ಲದೆ ಹೇಳಿ. ಮಿತಿ ಗೊತ್ತಾದರೆ ಅದಕ್ಕೆ ತಕ್ಕ ಚಿಕಿತ್ಸೆ ಬರೆಯುವುದು ಅವರಿಗೂ ಸುಲಭ.