ಹಿರಿಯರ ಜಡೆ, ಹಿರಿಯರ ಇಷ್ಟ

ವೃದ್ಧಾಶ್ರಮಕ್ಕೆ ಸೇರಿದ ಹೆಂಗಸರ ಉದ್ದ ಕೂದಲನ್ನು ಬಂದ ಹೊಸದರಲ್ಲೇ ಕತ್ತರಿಸಿಬಿಡುವುದುಂಟು. ಹೇನಾಗುತ್ತದೆ, ಸಿಕ್ಕು ಬಿಡಿಸಲು ಆಳಿಲ್ಲ ಎಂಬುದು ಅದಕ್ಕೆ ಕೊಡುವ ಕಾರಣ. ಹೇನಿಗೆ ಔಷಧಿಯಿದೆ, ಸೀರಣಿಗೆಯಿದೆ. ಎಣ್ಣೆ ಹಚ್ಚಿ ಸಡಿಲವಾಗಿ ಜಡೆ ಹೆಣೆದರೆ ಸಿಕ್ಕೂ ಕಡಿಮೆ. ಆಯುಷ್ಯವೆಲ್ಲ ತುರುಬು ಕಟ್ಟಿಕೊಂಡವರ ತಲೆಗೆ ಕತ್ತರಿ ಹಾಕುವ ಮುನ್ನ ಅವರನ್ನೇ ಕೇಳಬೇಕು. ಮಗ ಫೋನಿನಲ್ಲಿ ಹೂಂ ಅಂದರೆ ಸಾಲದು. ಕೇಳದೆ ಕತ್ತರಿಸುವುದು ಶುಚಿತ್ವವಲ್ಲ, ಅವಮಾನ.

ಅಮೆರಿಕದ ನರ್ಸಿಂಗ್ ಹೋಮ್‌ಗಳಲ್ಲಿ ನಿವಾಸಿಗಳ ಘನತೆ ಮತ್ತು ಆಯ್ಕೆಗೆ 1987ರ ಸುಧಾರಣಾ ಕಾಯ್ದೆಯ ಬಲವಿದೆ. ಭಾರತದಲ್ಲಿ ಹಿರಿಯ ನಾಗರಿಕರಿಗಾಗಿ 2007ರ ಕಾಯ್ದೆಯಿದೆ. ಆದರೂ ಇಂಥ ದಿನನಿತ್ಯದ ಸಂಗತಿಗಳು ಬಹುಮಟ್ಟಿಗೆ ಆಶ್ರಮ ನಡೆಸುವವರ ಮನಸ್ಸನ್ನೇ ನೆಚ್ಚಿವೆ.

ಗಂಡಸರ ಗಡ್ಡ ಮೀಸೆ, ಹಣೆಯ ಕುಂಕುಮ, ವಿಭೂತಿ, ಕೈಬಳೆ, ಸೀರೆಯೋ ನೈಟಿಯೋ ಎಂಬುದಕ್ಕೂ ಅವರನ್ನೇ ಕೇಳಬೇಕೆಂಬ ಮಾತು ಸಲ್ಲುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಬ್ಲೇಡಿಗಿಂತ ವಿದ್ಯುತ್ ಶೇವರ್ ಸುರಕ್ಷಿತ. ಅದನ್ನು ವಿವರಿಸಿ ಹೇಳಿದರೆ ಹೆಚ್ಚಿನವರು ಒಪ್ಪುತ್ತಾರೆ.

ಮರೆವಿನ ಕಾಯಿಲೆಯ ಕೆಲವರು ಬಾಯಿಬಿಟ್ಟು ಹೇಳಲಾರರು, ಆದರೆ ಮುಖ ತಿರುಗಿಸುವುದು, ಕೈ ತಳ್ಳುವುದೂ ಉತ್ತರವೇ. ಆಗ ಬಲವಂತ ಮಾಡದೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಪ್ರಯತ್ನಿಸಬೇಕು. ಸೇರಿಸುವ ದಿನವೇ ಮನೆಯವರು ಅವರ ರೂಢಿಗಳನ್ನು, ಬೈತಲೆ ಯಾವ ಕಡೆ ಎಂಬುದನ್ನೂ ಸೇರಿಸಿ, ಬರೆದುಕೊಟ್ಟರೆ ಪಾಳಿ ಬದಲಾದಾಗ ಬರುವ ಹೊಸ ಆಯಾಗೂ ಅದು ತಿಳಿಯುತ್ತದೆ.