ಫಾರ್ಮ್ಯಾಟ್ ಮಾಡೋಕೆ ಮುಂಚೆ: ಹಾಳಾದ ಒಂದೇ ಸಿಸ್ಟಂ ಫೈಲನ್ನು ಸರಿಪಡಿಸುವುದು

ರಜೆಗೆ ಊರಿಗೆ ಹೋದರೆ ಇಂಜಿನಿಯರಿಂಗ್ ಓದುವ ನಮಗೆಲ್ಲ ಒಂದು ಕೆಲಸ ಕಾದೇ ಇರುತ್ತೆ: "ಕಂಪ್ಯೂಟರ್ ಆನ್ ಆಗ್ತಿಲ್ಲ, ಸ್ವಲ್ಪ ನೋಡಪ್ಪ." ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯಂಥ ಊರಲ್ಲಿ ಅದು ಹಳೇ ವಿಂಡೋಸ್ ಎಕ್ಸ್‌ಪಿ ಯಂತ್ರವೇ ಆಗಿದ್ದರೂ ಆಶ್ಚರ್ಯವಿಲ್ಲ. ಅಂಗಡಿಗೆ ಒಯ್ದರೆ ಸಿಗುವ ಮೊದಲ ಉತ್ತರ "ಫಾರ್ಮ್ಯಾಟ್ ಮಾಡ್ಬೇಕು". ಆದರೆ ಒಳಗೆ ನುಡಿಯಲ್ಲಿ ಟೈಪ್ ಮಾಡಿದ ವರ್ಷಗಳ ಅರ್ಜಿ, ಸಂಘದ ಲೆಕ್ಕ, ಫೋಟೋ ಇರುತ್ತವೆ. ಎಷ್ಟೋ ಸಲ ಕೆಟ್ಟಿರುವುದು ಒಂದೇ ಫೈಲು. ಒಂದು ಹೆಂಚು ಒಡೆದರೆ ಮನೆ ಕೆಡವುತ್ತೇವೆಯೇ?

ಯಾಕೆ ಕೆಡುತ್ತೆ?
ಫೈಲು ಬರೆಯುತ್ತಿರುವಾಗ ಕರೆಂಟ್ ಹೋಗುವುದು, ಹಾರ್ಡ್ ಡಿಸ್ಕ್‌ನಲ್ಲಿ ಬ್ಯಾಡ್ ಸೆಕ್ಟರ್, ವೈರಸ್: ಮುಖ್ಯ ಕಾರಣಗಳು ಇವೇ. ಪರದೆಯ ಮೇಲೆ ಬರುವ ಸಂದೇಶದಲ್ಲಿ ಸಾಮಾನ್ಯವಾಗಿ ಫೈಲಿನ ಹೆಸರಿರುತ್ತೆ. ಅದನ್ನು ಮೊದಲು ಬರೆದಿಟ್ಟುಕೊಳ್ಳಿ.

ಮೊದಲು ದಾಖಲೆ, ಆಮೇಲೆ ದುರಸ್ತಿ
ಲಿನಕ್ಸ್ ಲೈವ್ ಸಿಡಿಯಿಂದ ಬೂಟ್ ಮಾಡಿ, ಬೇಕಾದ್ದನ್ನೆಲ್ಲ ಪೆನ್‌ಡ್ರೈವಿಗೆ ನಕಲು ಮಾಡಿ. ಡಿಸ್ಕೇ ಸಾಯುತ್ತಿದ್ದರೆ ದುರಸ್ತಿಯ ಒದ್ದಾಟದಲ್ಲಿ ಅದು ಪೂರ್ತಿ ಹೋಗಬಹುದು.

ವಿಂಡೋಸ್ ತೆರೆದುಕೊಂಡರೆ
ರನ್‌ನಲ್ಲಿ 'ಎಸ್‌ಎಫ್‌ಸಿ /ಸ್ಕ್ಯಾನ್‌ನೌ' ಕೊಡಿ. (ಇಲ್ಲಿ ಕನ್ನಡದಲ್ಲಿ ಬರೆದ ಕಮಾಂಡುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ಇದು ಸಿಸ್ಟಂ ಫೈಲುಗಳನ್ನು ಒಂದೊಂದಾಗಿ ಪರೀಕ್ಷಿಸಿ, ಕೆಟ್ಟಿದ್ದರೆ 'ಡಿಎಲ್‌ಎಲ್‌ಕ್ಯಾಶ್' ಫೋಲ್ಡರಿನ ಪ್ರತಿ ಹಾಕುತ್ತೆ. ಅಲ್ಲೂ ಇಲ್ಲದಿದ್ದರೆ ಎಕ್ಸ್‌ಪಿ ಸಿಡಿ ಕೇಳುತ್ತೆ.

ತೆರೆದುಕೊಳ್ಳದಿದ್ದರೆ
ಸಿಡಿಯಿಂದ ಬೂಟ್ ಮಾಡಿ 'ಆರ್' ಒತ್ತಿದರೆ ರಿಕವರಿ ಕನ್ಸೋಲ್ ಬರುತ್ತೆ. ಮೊದಲು 'ಚೆಕ್‌ಡಿಸ್ಕ್' ಕಮಾಂಡನ್ನು '/ಆರ್' ಸೇರಿಸಿ ಓಡಿಸಿ. ಆಮೇಲೆ ಫೈಲು ಬದಲಿಸೋಣ.

ಉದಾಹರಣೆಗೆ 'ಯುಎಸ್‌ಪಿ10.ಡಿಎಲ್‌ಎಲ್' ತಗೊಳ್ಳಿ. ಯೂನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿ ತೋರಿಸುವುದು ಇದೇ. ಸಿಡಿಯ 'ಐ386' ಫೋಲ್ಡರಿನಲ್ಲಿ ಇದು ಕುಗ್ಗಿಸಿದ ರೂಪದಲ್ಲಿದೆ. ಹೆಸರಿನ ಕೊನೆಯ ಅಕ್ಷರದ ಜಾಗದಲ್ಲಿ ಅಡಿಗೆರೆ ಇರುತ್ತೆ. ಆದ್ದರಿಂದ ಬರೀ ಕಾಪಿ ಸಾಲದು, 'ಎಕ್ಸ್‌ಪ್ಯಾಂಡ್' ಬೇಕು:

1. ಸಿಸ್ಟಂ32 ಫೋಲ್ಡರಿಗೆ ಹೋಗಿ, ಹಳೇ ಫೈಲಿನ ಹೆಸರನ್ನು 'ರೆನ್' ಕಮಾಂಡಿನಿಂದ ಬದಲಿಸಿ. ಅಳಿಸಬೇಡಿ.
2. 'ಎಕ್ಸ್‌ಪ್ಯಾಂಡ್ ಡಿ:\ಐ386\ಯುಎಸ್‌ಪಿ10.ಡಿಎಲ್_ ಸಿ:\ವಿಂಡೋಸ್\ಸಿಸ್ಟಂ32' ಕೊಡಿ. ಸಿಡಿ ಡ್ರೈವಿನ ಅಕ್ಷರ ಬೇರೆಯಿದ್ದರೆ 'ಡಿ' ಬದಲು ಅದನ್ನು ಹಾಕಿ.
3. 'ಎಕ್ಸಿಟ್' ಕೊಟ್ಟು ರೀಸ್ಟಾರ್ಟ್ ಮಾಡಿ.

'ಎನ್‌ಟಿಎಲ್‌ಡಿಆರ್ ಇಲ್ಲ' ಎಂದು ಬಂದರೆ ಅದನ್ನೂ 'ಎನ್‌ಟಿಡಿಟೆಕ್ಟ್.ಕಾಮ್' ಅನ್ನೂ ಐ386ನಿಂದ ನೇರ ಸಿ ಡ್ರೈವಿಗೆ ಕಾಪಿ ಮಾಡಿದರೆ ಸಾಕು. 'ಹಾಲ್.ಡಿಎಲ್‌ಎಲ್ ಇಲ್ಲ' ಅಂದರೆ ಗಾಬರಿ ಬೇಡ. ಎಷ್ಟೋ ಸಲ ತಪ್ಪಿರುವುದು 'ಬೂಟ್.ಐಎನ್‌ಐ'. 'ಬೂಟ್‌ಸಿಎಫ್‌ಜಿ /ರೀಬಿಲ್ಡ್' ಪ್ರಯತ್ನಿಸಿ.

ವಿಂಡೋಸ್ 7 ಆದರೆ
ಇಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಬೇಕು. '/ಸ್ಕ್ಯಾನ್‌ಫೈಲ್=' ಮುಂದೆ ಪೂರ್ತಿ ವಿಳಾಸ ಕೊಟ್ಟರೆ ಎಸ್‌ಎಫ್‌ಸಿ ಆ ಒಂದೇ ಫೈಲನ್ನು ನೋಡಿ ಸರಿಮಾಡುತ್ತೆ. ಆಗದಿದ್ದರೆ ಕಾರಣ 'ಸಿಬಿಎಸ್.ಲಾಗ್' ಫೈಲಿನಲ್ಲಿ ಸಿಗುತ್ತೆ.

ಎರಡು ಎಚ್ಚರಿಕೆ
ಸಿಡಿಯೂ ಯಂತ್ರವೂ ಒಂದೇ ಸರ್ವಿಸ್ ಪ್ಯಾಕ್‌ನವಾಗಿರಲಿ. ಇಲ್ಲದಿದ್ದರೆ ಒಂದು ತೊಂದರೆ ಹೋಗಿ ಇನ್ನೊಂದು ಬರುತ್ತೆ. ಡಿಎಲ್‌ಎಲ್ ಹಂಚುವ ಸಿಕ್ಕಸಿಕ್ಕ ತಾಣಗಳಿಂದ ಫೈಲು ಇಳಿಸಬೇಡಿ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಮುಗಿದಿದೆ. ಹಾಗಾಗಿ ಯಂತ್ರ ಎದ್ದ ಮೇಲೆ ಅದನ್ನು ಇಂಟರ್ನೆಟ್ಟಿಗೆ ಸೇರಿಸದೆ ಬಳಸಿ. ಹಳೇ ನುಡಿ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಇನ್ನೊಂದು ಕಡೆ ಇಡುವ ಕೆಲಸವನ್ನೂ ಅದೇ ರಜೆಯಲ್ಲಿ ಮುಗಿಸಿಬಿಡಿ.